ಮನೆಗೆ ಒಂದು ರೂಮು ಸೇರಿಸಬೇಕು, ಎಸ್ಟಿಮೇಟ್ ಏರುತ್ತಲೇ ಇದೆ: ಚಿಕ್ಕಮಗಳೂರು, ಹಾಸನ ಕಡೆಯವರು ಸಲಹೆ ಕೊಡಿ

ಕಲ್ಯಾಣನಗರದವಳು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಕಲ್ಯಾಣನಗರದಲ್ಲಿ ಮಾವನವರು ಕಟ್ಟಿಸಿದ ಮನೆ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಪಿಲ್ಲರ್ ಇಲ್ಲ. ಅತ್ತೆಯವರಿಗೆ ಮಂಡಿನೋವು ಜಾಸ್ತಿ ಆಗಿದೆ. ಬಚ್ಚಲಿಗೆ ಹೋಗಬೇಕಾದರೆ ಹಿತ್ತಲ ಕಡೆ ಮೆಟ್ಟಿಲು ಇಳಿಯಬೇಕು. ಮಳೆಗಾಲದಲ್ಲಿ ಅವರು ಇಳಿಯುವಾಗ ನನಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಪಕ್ಕದ ಖಾಲಿ ಜಾಗದಲ್ಲಿ 12 ಅಡಿ, 14 ಅಡಿಯ ಒಂದು ರೂಮು, ಅದರೊಳಗೇ ಒಂದು ಬಾತ್‌ರೂಮು ಮಾಡಿಸಬೇಕು ಅಂತ ಇದ್ದೇವೆ. ಜೊತೆಗೆ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಇರುವ ಗೋಡೆ ತೆಗೆಸುವ ಆಸೆ. ಹಾಲ್‌ಗೆ ಹೊಸ ಟೈಲ್ಸ್, ಹೊರಗಡೆ ಪೇಂಟ್ ಕೂಡ ಪಟ್ಟಿಯಲ್ಲಿದೆ.

ಹೋದ ವರ್ಷ ಕೇಳಿದಾಗ 9 ಲಕ್ಷ ಅಂದಿದ್ದ ಕಾಂಟ್ರಾಕ್ಟರ್ ಈಗ 12.5 ಅನ್ನುತ್ತಿದ್ದಾರೆ. ಇನ್ನೊಬ್ಬರು 11 ಅಂದರು. ಅದರಲ್ಲಿ ಏನೇನು ಬರುತ್ತದೆ ಅಂತ ಕೇಳಿದರೆ "ಎಲ್ಲಾ ಸೇರಿದೆ ಮೇಡಂ" ಅಂತಾರೆ. ನಮ್ಮ ಕೈಯಲ್ಲಿ ಇರುವುದು 8 ಲಕ್ಷ. ರೇಟು ಇಳಿಯುವವರೆಗೆ ಕಾಯಬೇಕಾ, ಸಾಲ ಮಾಡಬೇಕಾ, ಕೆಲಸ ಕಡಿಮೆ ಮಾಡಬೇಕಾ? ಕಟ್ಟಿಸಿದವರು ದಯವಿಟ್ಟು ಹೇಳಿ.

ಬೇಲೂರು ರಸ್ತೆ ಹಾರ್ಡ್‌ವೇರ್

ಕಾಯುವುದರಿಂದ ಏನೂ ಸಿಗುವುದಿಲ್ಲ ಮೇಡಂ. ನಾನು ಅಂಗಡಿ ಇಟ್ಟವನಾಗಿ ಹೇಳುತ್ತಿದ್ದೇನೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ಎಷ್ಟೋ ಜನ ಇದಕ್ಕೇ ಕಾದಿದ್ದರು. ಆಗ 400 ರೂಪಾಯಿ ಇದ್ದ ಚೀಲ ತೆರಿಗೆ ಲೆಕ್ಕದಲ್ಲಿ 369ಕ್ಕೆ ಬರಬೇಕು. ಚೀಲಕ್ಕೆ 31 ರೂಪಾಯಿ. ಆದರೆ ಕಬ್ಬಿಣಕ್ಕೆ, ಟೈಲ್ಸ್‌ಗೆ, ಪೇಂಟ್‌ಗೆ ಅದೇ ಶೇ 18. ಕೂಲಿ, ಲಾರಿ ಬಾಡಿಗೆ ಇಳಿದದ್ದನ್ನು ನಾನಂತೂ ಕಂಡಿಲ್ಲ.

ಸೈಟ್ ಇಂಜಿನಿಯರ್, ಹಾಸನ

ಮೇಲಿನವರು ಸರಿಯಾಗಿ ಹೇಳಿದರು. ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ.

ನಿಮ್ಮ ರೂಮಿನ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ, 168 ಚದರಡಿ. 5 ಇಂಚು ದಪ್ಪ ಹಾಕಿದರೆ 70 ಘನಅಡಿ ಕಾಂಕ್ರೀಟು, ಅಂದರೆ ಹತ್ತಿರ ಹತ್ತಿರ 2 ಘನ ಮೀಟರ್. ಎಂ20 ಅನ್ನುವ ಕಾಂಕ್ರೀಟ್ ಮಿಕ್ಸ್‌ಗೆ ಒಂದು ಘನ ಮೀಟರ್‌ಗೆ ಸುಮಾರು 8 ಚೀಲ ಸಿಮೆಂಟು. ಒಟ್ಟು 16 ಚೀಲ. ಚೀಲಕ್ಕೆ 31 ರೂಪಾಯಿ ಕಡಿಮೆ ಆದರೆ ಇಡೀ ಮೋಲ್ಡಿಗೆ ಉಳಿಯುವುದು 500 ರೂಪಾಯಿಯ ಒಳಗೆ. ಅದೇ, ಪ್ಲಾಸ್ಟರ್ ಮುಗಿದ ಮೇಲೆ "ಕಮೋಡ್ ಈ ಕಡೆ ಇದ್ದರೆ ಚೆನ್ನಾಗಿತ್ತು" ಅಂತ ಮನೆಯವರು ಹೇಳಿದರು ಅಂತ ಇಟ್ಟುಕೊಳ್ಳಿ. ನೆಲ ಅಗೆಯಬೇಕು, ಪೈಪ್ ಬದಲಿಸಬೇಕು, ಪ್ಲಂಬರ್ ಮತ್ತೆ ಬರಬೇಕು, ಮೇಸ್ತ್ರಿ ಮತ್ತೆ ಬರಬೇಕು. ಈ ಒಂದು ಮಾತಿನಲ್ಲಿ ಆ 500 ರೂಪಾಯಿ ಎಷ್ಟು ಸಲ ಹೋಯಿತು ಲೆಕ್ಕ ಹಾಕಿ.

ನನ್ನ ಅನುಭವದಲ್ಲಿ ಹಳೆ ಮನೆ ಕೆಲಸ ಬಜೆಟ್ ದಾಟುವುದು ಅಂಗಡಿಯ ರೇಟಿನಿಂದ ಅಲ್ಲ. ಏನು ಬೇಕು ಅಂತ ತೀರ್ಮಾನ ಆಗುವ ಮೊದಲೇ ಗೋಡೆ ಒಡೆಯಲು ಶುರು ಮಾಡುವುದರಿಂದ. ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ. ಸ್ವಿಚ್ ಎಲ್ಲಿ, ಗೀಸರ್ ಎಲ್ಲಿ, ಬಾಗಿಲು ಯಾವ ಕಡೆ ತೆರೆಯಬೇಕು, ಇವೆಲ್ಲ ಪೂರ್ತಿ ನಮ್ಮ ಕೈಯಲ್ಲಿದೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಅಡುಗೆಮನೆಯ ಗೋಡೆ ತೆಗೆಯುವ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಲ್ಲರ್ ಇಲ್ಲದ ಮನೆಯಲ್ಲಿ ಮೇಲಿನ ಮೋಲ್ಡನ್ನು ಹೊತ್ತಿರುವುದೇ ಗೋಡೆ. ಅದನ್ನು ತೆಗೆಯಬೇಕಾದರೆ ಮೊದಲು ಮೋಲ್ಡಿಗೆ ಜಾಕಿ ಕೊಟ್ಟು, ಬೀಮ್ ಕೂರಿಸಿ, ಬೀಮಿನ ಎರಡೂ ತುದಿಗೆ ಗಟ್ಟಿ ಆಸರೆ ಮಾಡಬೇಕು. ಖರ್ಚೂ ಇದೆ, ಅಪಾಯವೂ ಇದೆ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡದೆ ಯಾವ ಮೇಸ್ತ್ರಿ "ಏನೂ ಆಗಲ್ಲ, ತೆಗೀಬಹುದು" ಅಂದರೂ ಒಪ್ಪಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನೊಂದು, ಪಕ್ಕದ ಖಾಲಿ ಜಾಗ ಅಂದಿರಿ. ಅದು ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಖಾಲಿ ಬಿಡಬೇಕಾದ ಜಾಗವಾ? ನಗರಸಭೆಯ ಪ್ಲ್ಯಾನ್‌ನಲ್ಲಿ ಎಷ್ಟು ಬಿಡಬೇಕು ಅಂತ ಇದೆಯೋ ಮೊದಲು ನೋಡಿ. ಬ್ಯಾಂಕ್ ಸಾಲ ಬೇಕಾದರೆ ಇ-ಖಾತೆ, ಪ್ಲ್ಯಾನ್ ಎರಡೂ ಕೇಳುತ್ತಾರೆ.

ಕಲ್ಯಾಣನಗರದವಳು, ಚಿಕ್ಕಮಗಳೂರು

ಸರ್, ಗೋಡೆಯ ವಿಷಯ ಓದಿ ಗಾಬರಿ ಆಯಿತು. ಇಬ್ಬರು ಕಾಂಟ್ರಾಕ್ಟರ್‌ಗಳಲ್ಲಿ ಒಬ್ಬರೂ ಬೀಮ್ ಬಗ್ಗೆ ಹೇಳಲಿಲ್ಲ. ಜಾಗ ನಮ್ಮದೇ ಸೈಟಿನೊಳಗೆ ಇದೆ, ಸೆಟ್‌ಬ್ಯಾಕ್ ಅಳತೆ ನೋಡಿಸುತ್ತೇವೆ. ಅಡುಗೆಮನೆ ಬಿಟ್ಟರೆ ಎಷ್ಟು ಉಳಿಯಬಹುದು?

ಸೈಟ್ ಇಂಜಿನಿಯರ್, ಹಾಸನ

ಅದನ್ನು ನಿಮ್ಮ ಕಾಂಟ್ರಾಕ್ಟರ್ ಬಾಯಿಂದಲೇ ಹೇಳಿಸಿ. ಇಬ್ಬರಿಗೂ ಒಂದೇ ಡ್ರಾಯಿಂಗ್ ಕೊಡಿ. ಪಾಯ ಎಷ್ಟು ಅಡಿ ಉದ್ದ, ಗೋಡೆ ಎಷ್ಟು ಚದರಡಿ, ಪ್ಲಾಸ್ಟರ್ ಎಷ್ಟು, ಕಬ್ಬಿಣ ಎಷ್ಟು ಕೆಜಿ, ಟೈಲ್ಸ್ ಚದರಡಿಗೆ ಎಷ್ಟು ರೂಪಾಯಿಯದು, ವೈರಿಂಗ್ ಎಷ್ಟು ಪಾಯಿಂಟ್ ಅಂತ ಬಿಡಿಸಿ ಬರೆದುಕೊಡಲು ಹೇಳಿ. ಆಗ 12.5 ಜಾಸ್ತಿಯೋ 11 ಜಾಸ್ತಿಯೋ ಗೊತ್ತಾಗುತ್ತದೆ. ಎಷ್ಟೋ ಸಲ ಕಡಿಮೆ ಹೇಳಿದವರದೇ ಕೊನೆಗೆ ದುಬಾರಿ. ಹಳೆ ಗೋಡೆಗೆ ಹೊಸದನ್ನು ಸೇರಿಸುವ ಕೆಲಸ, ಮಣ್ಣು ಸಾಗಿಸುವುದು, ಒಡೆದ ಡೆಬ್ರಿ ಎತ್ತುವುದು, ಸೆಪ್ಟಿಕ್ ಟ್ಯಾಂಕಿಗೆ ಲೈನ್ ಕೊಡುವುದು, ಇವು ಯಾವುದೂ "ಎಲ್ಲಾ ಸೇರಿದೆ" ಒಳಗೆ ಇರುವುದಿಲ್ಲ.

ಮೂಡಿಗೆರೆ ತೋಟದವನು

ಯಾವಾಗ ಶುರು ಮಾಡುತ್ತೀರಿ ಅನ್ನುವುದೂ ದುಡ್ಡಿನ ವಿಷಯವೇ. ನಮ್ಮ ಕಡೆ ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ. ಫೆಬ್ರವರಿ ಕಳೆಯುವವರೆಗೆ ಹೆಲ್ಪರ್ ಸಿಗುವುದೇ ಕಷ್ಟ. ಸಿಕ್ಕರೂ ತೋಟದ ಕೂಲಿಗೆ ಸಮ ಕೊಡಬೇಕು. ಜೂನ್ ಬಂದರೆ ಮಳೆ. ನಡುವೆ ಸಿಗುವುದು ಮಾರ್ಚ್, ಏಪ್ರಿಲ್, ಮೇ. ಪಾಯದಿಂದ ಮೋಲ್ಡ್‌ವರೆಗೆ ಅಷ್ಟರಲ್ಲಿ ಮುಗಿಸಬೇಕು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಒಂದೆರಡು ಬಂದರೆ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್‌ಗೆ ಒಳ್ಳೆಯದೇ ಆಯಿತು.

ಮಳೆಗಾಲದಲ್ಲಿ ಸಾಮಾನು ಬರುವುದೂ ನಂಬಿಕೆ ಇಲ್ಲ. 2018ರಲ್ಲಿ ಶಿರಾಡಿ ಘಾಟಿ, 2019ರಲ್ಲಿ ಚಾರ್ಮಾಡಿ, 2024ರಲ್ಲಿ ಮತ್ತೆ ಶಿರಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತಲ್ಲ. ಘಾಟಿ ಕೆಳಗಿನ ಕರಾವಳಿಯಿಂದ ಕೆಂಪುಕಲ್ಲು ತರಿಸುವವರು ಮೇ ಒಳಗೇ ಇಳಿಸಿಕೊಳ್ಳಬೇಕು. ಅರ್ಧ ಗೋಡೆ ಎದ್ದ ಮೇಲೆ ಕಲ್ಲು ಬರಲಿಲ್ಲ ಅಂದರೆ ಆಳುಗಳು ಬೇರೆ ಕಡೆ ಹೋಗುತ್ತಾರೆ, ಮತ್ತೆ ಕರೆಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಕಡೂರು ಬಯಲು

ನಮ್ಮ ಕಡೂರಿನಲ್ಲಿ ಉಲ್ಟಾ. ಏಪ್ರಿಲ್‌ನಲ್ಲಿ ಕ್ಯೂರಿಂಗ್‌ಗೆ ನೀರೇ ಇರುವುದಿಲ್ಲ, ಟ್ಯಾಂಕರ್ ತರಿಸಬೇಕು. ನೀರಿನ ಖರ್ಚನ್ನು ಎಸ್ಟಿಮೇಟ್‌ನಲ್ಲಿ ಯಾರೂ ಬರೆಯುವುದಿಲ್ಲ. ಒಂದೇ ಜಿಲ್ಲೆ ಆದರೂ ಊರು ನೋಡಿ ತಿಂಗಳು ಆರಿಸಬೇಕು.

ಬೇಲೂರು ರಸ್ತೆ ಹಾರ್ಡ್‌ವೇರ್

ಒಂದು ಎಚ್ಚರಿಕೆ. ರೇಟು ಏರುತ್ತದೆ ಅಂತ ಸಿಮೆಂಟನ್ನು ಮೊದಲೇ ತಂದು ಪೇರಿಸಬೇಡಿ. ನಮ್ಮ ಮಲೆನಾಡಿನ ತೇವಕ್ಕೆ ಚೀಲದೊಳಗೇ ಗಂಟು ಕಟ್ಟುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟು ಶಕ್ತಿ ಕಳೆದುಕೊಂಡಿರುತ್ತದೆ, ಮೋಲ್ಡಿಗೆ ಬಳಸಲೇಬಾರದು. ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತದೆ, ನೋಡಿ ತೆಗೆದುಕೊಳ್ಳಿ. ಕಬ್ಬಿಣವನ್ನು ಒಂದೇ ಸಲ ತೆಗೆದುಕೊಳ್ಳಬಹುದು, ನೆಲಕ್ಕೆ ತಾಗದಂತೆ ಮರದ ತುಂಡಿನ ಮೇಲೆ ಇಟ್ಟು ಟಾರ್ಪಾಲ್ ಮುಚ್ಚಿದರೆ ಸಾಕು.

ಕಬ್ಬಿಣ ತೂಕದಲ್ಲಿ ಮೋಸ ಆಗಬಾರದು ಅಂದರೆ ಸುಲಭದ ಲೆಕ್ಕ ಇದೆ. ಕಂಬಿಯ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ಕಂಬಿ ಮೀಟರ್‌ಗೆ 0.89 ಕೆಜಿ. 12 ಮೀಟರ್ ಉದ್ದದ ಒಂದು ಕಂಬಿ 10.6 ಕೆಜಿ ಆಸುಪಾಸು. 8 ಎಂಎಂ ಆದರೆ ಒಂದು ಕಂಬಿಗೆ 4.7. ಎಷ್ಟು ಕಂಬಿ ಇಳಿಯಿತು ಎಣಿಸಿ, ಬಿಲ್ಲಿನ ತೂಕಕ್ಕೆ ಹೋಲಿಸಿ. ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, 12 ಎಂಎಂಗೆ ಶೇ 5ರವರೆಗೆ ಐಎಸ್‌ಐ ನಿಯಮದಲ್ಲೇ ಅವಕಾಶ ಇದೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾರಿ ಹೋಗುವ ಮೊದಲೇ ಕೇಳಿ. ಪ್ರಾಮಾಣಿಕ ಅಂಗಡಿಯವರು ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಲೆಕ್ಕದ ಮನೆ, ಹಾಸನ

ಸಾಲದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನು.

3 ಲಕ್ಷ ಕಡಿಮೆ ಬಿತ್ತು ಅಂತ ಶೇ 9ರ ಬಡ್ಡಿಗೆ 10 ವರ್ಷದ ಸಾಲ ತೆಗೆದರೆ ತಿಂಗಳಿಗೆ 3,800 ರೂಪಾಯಿ ಕಂತು. ಸಣ್ಣದು ಅನಿಸುತ್ತದೆ. ಆದರೆ ಒಟ್ಟು ಕಟ್ಟುವುದು 4.56 ಲಕ್ಷ. ಹಾಲ್‌ನ ಟೈಲ್ಸ್, ಹೊರಗಿನ ಪೇಂಟ್ ಇದರಲ್ಲಿ ಸೇರಿದ್ದರೆ ಅವುಗಳಿಗೂ ನೀವು ಒಂದೂವರೆ ಪಟ್ಟು ಕೊಟ್ಟ ಹಾಗೆ. ಅತ್ತೆಯವರ ಬಾತ್‌ರೂಮಿಗೆ ಸಾಲ ಮಾಡಿ ಅಂದರೆ ನಾನು ಹೂಂ ಅನ್ನುತ್ತೇನೆ. ಟೈಲ್ಸ್ ಬದಲಿಸಲು ಬೇಡ.

ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಏಜೆಂಟರು ಹೇಳುತ್ತಾರೆ. ಪೂರ್ತಿ ಕೇಳಿಸಿಕೊಳ್ಳಿ. ನಾವೇ ವಾಸ ಇರುವ ಮನೆಯನ್ನು ಕೊಳ್ಳಲು, ಕಟ್ಟಲು ತೆಗೆದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಬಹುದು. ರಿಪೇರಿ, ನವೀಕರಣಕ್ಕೆ ತೆಗೆದ ಸಾಲವಾದರೆ ವರ್ಷಕ್ಕೆ ಬರೀ 30,000. ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿ ಇಲ್ಲ. ರೂಮು ಸೇರಿಸುವುದು ಯಾವುದರಲ್ಲಿ ಬರುತ್ತದೆ ಅಂತ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ಈಗಾಗಲೇ ಗೃಹಸಾಲ ಇದ್ದರೆ ಅದರ ಮೇಲೇ ಟಾಪ್‌ಅಪ್, ಅಂದರೆ ಹೆಚ್ಚುವರಿ ಸಾಲ ಕೇಳಿ. ಪರ್ಸನಲ್ ಲೋನ್‌ಗಿಂತ ಬಡ್ಡಿ ಕಡಿಮೆ ಬೀಳುತ್ತದೆ.

ಮೇಸ್ತ್ರಿ ಮಗ, ಆಲೂರು

ಅಕ್ಕಾ, ನಮ್ಮಪ್ಪ ಗಾರೆ ಕೆಲಸದವರು. ನಾನೂ ಅದೇ ಕೆಲಸದಲ್ಲಿ ಬೆಳೆದವನು. ಒಂದು ಮಾತು ಹೇಳಬೇಕು ಅನಿಸಿತು.

ಖರ್ಚು ಕಡಿಮೆ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕೈ ಹಾಕುವುದು ಕೂಲಿಗೆ. ಐವತ್ತು ಕಮ್ಮಿ ಮಾಡಿ, ನೂರು ಕಮ್ಮಿ ಮಾಡಿ ಅಂತ. ಅಕ್ಕಿ, ಬಸ್ಸು, ಮಕ್ಕಳ ಫೀಸು ಅವರಿಗೂ ಏರಿದೆ ಅಲ್ವಾ. ಅಲ್ಲಿ ಉಳಿಸಿದ ದುಡ್ಡು ನಿಮಗೆ ದಕ್ಕುವುದೂ ಇಲ್ಲ. ದುಡ್ಡು ನಿಜವಾಗಿ ಹೋಗುವುದು ಬೇರೆ ಕಡೆ. ಬೆಳಿಗ್ಗೆ ಎಲ್ಲರೂ ಬಂದು ಕೂತಿರುತ್ತಾರೆ, ಎಂ ಸ್ಯಾಂಡ್ ಲೋಡು ಮಧ್ಯಾಹ್ನ ಬರುತ್ತದೆ. ಅರ್ಧ ದಿನದ ಕೂಲಿ ಹೋಯಿತು. ಎಲೆಕ್ಟ್ರೀಷಿಯನ್ ಪೈಪ್ ಹಾಕಿಲ್ಲ ಅಂತ ಪ್ಲಾಸ್ಟರ್ ನಿಂತಿತು, ಇನ್ನೊಂದು ದಿನ ಹೋಯಿತು. ಬ್ಲಾಕು, ಮರಳು, ಜಲ್ಲಿ, ನೀರು ಹಿಂದಿನ ದಿನವೇ ಸೈಟಿನಲ್ಲಿ ಇರಲಿ. ಯಾರ ಕೆಲಸ ಯಾರ ಹಿಂದೆ ಅಂತ ಮೊದಲೇ ಕೂರಿಸಿ ಮಾತಾಡಿ. ಕೂಲಿಯಲ್ಲಿ ಚೌಕಾಸಿ ಮಾಡುವುದಕ್ಕಿಂತ ಜಾಸ್ತಿ ಇದರಲ್ಲಿ ಉಳಿಯುತ್ತದೆ.

ಲೆಕ್ಕಕ್ಕೆ ಬೇಕಾದರೆ: 16 ಇಂಚು ಉದ್ದ, 8 ಇಂಚು ಎತ್ತರದ ಸಿಮೆಂಟ್ ಬ್ಲಾಕು 100 ಚದರಡಿ ಗೋಡೆಗೆ 110ರ ಆಸುಪಾಸು ಬೇಕು. ಬಾಗಿಲು, ಕಿಟಕಿಯ ಜಾಗ ಕಳೆಯಿರಿ. ಒಡೆಯುವುದಕ್ಕೆ ಅಂತ ಸ್ವಲ್ಪ ಜಾಸ್ತಿ ಇರಲಿ, ಸಿಕ್ಕಾಪಟ್ಟೆ ಬೇಡ. ಉಳಿದ ಬ್ಲಾಕನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಲ್ಯಾಣನಗರದವಳು, ಚಿಕ್ಕಮಗಳೂರು

ತಮ್ಮಾ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಾಗಾದರೆ ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನಾವೇ ತರುವುದು ಒಳ್ಳೆಯದಾ, ಸಾಮಾನು ಸಮೇತ ಫುಲ್ ಕಾಂಟ್ರಾಕ್ಟ್ ಕೊಡುವುದಾ?

ಮೂಡಿಗೆರೆ ತೋಟದವನು

ಲೇಬರ್ ಕಾಂಟ್ರಾಕ್ಟೇ. ಚದರಕ್ಕೆ (100 ಚದರಡಿಗೆ) ಇಷ್ಟು ಅಂತ ಮಾತಾಡಿ, ಸಾಮಾನು ಕಣ್ಣಮುಂದೆ ತರಿಸಿ. ಯಾವ ಸಿಮೆಂಟು, ಯಾವ ಕಬ್ಬಿಣ ಅಂತ ನಮಗೆ ಗೊತ್ತಿರುತ್ತದೆ.

ಲೆಕ್ಕದ ಮನೆ, ಹಾಸನ

ಒಪ್ಪುವುದಿಲ್ಲ. ನಿಮಗೆ ಲೆಕ್ಕ, ಆಳು ನೋಡಿಕೊಳ್ಳುವ ತೋಟದ ರೈಟರ್ ಇದ್ದಾರೆ, ಜೀಪು ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು ದಿನಾ ಬೆಳಿಗ್ಗೆ ಮರಳಿನ ಲೋಡಿಗೆ ಫೋನ್ ಮಾಡುತ್ತಾ ನಿಲ್ಲಲು ಆಗುವುದಿಲ್ಲ. ಸೈಟಿನಲ್ಲಿ ಯಾರೂ ಇಲ್ಲದಿದ್ದರೆ ಸಾಮಾನು ವ್ಯರ್ಥ ಆಗುತ್ತದೆ, ರಜೆ ಹಾಕಿದರೆ ಸಂಬಳ ಹೋಗುತ್ತದೆ.

ಸೈಟ್ ಇಂಜಿನಿಯರ್, ಹಾಸನ

ಇಬ್ಬರದೂ ಅವರವರ ಪರಿಸ್ಥಿತಿಗೆ ಸರಿ. ಇವರದು ಒಂದೇ ರೂಮು, ಹಗಲು ಮನೆಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ನಾನು ಹೇಳುವುದು, ಗೋಡೆ ಮತ್ತು ಮೋಲ್ಡ್‌ವರೆಗಿನ ಕೆಲಸ ಸಾಮಾನು ಸಮೇತ ಕೊಡಿ. ಟೈಲ್ಸ್, ನಲ್ಲಿ, ಕಮೋಡ್, ಸ್ವಿಚ್, ಬಾಗಿಲು ನೀವೇ ಆರಿಸಿ ತನ್ನಿ. ಮನಸ್ಸು ಬದಲಾಗುವುದು ಇವುಗಳಲ್ಲೇ, ಅಂಗಡಿಯಲ್ಲಿ ನಿಂತು ಬೆಲೆ ನೋಡಿದರೆ ಹಿಡಿತ ನಿಮ್ಮ ಕೈಯಲ್ಲಿರುತ್ತದೆ.

ಫುಲ್ ಕಾಂಟ್ರಾಕ್ಟ್ ಆದರೆ ಕಾಗದದಲ್ಲಿ ಒಂದು ಸಾಲು ಬರೆಸಿ. ಇವತ್ತಿನ ಸಿಮೆಂಟ್ ರೇಟು ಇಷ್ಟು, ಕಬ್ಬಿಣದ ರೇಟು ಇಷ್ಟು, ಇದಕ್ಕಿಂತ ಶೇ 5ರವರೆಗೆ ಏರಿದರೆ ಕಾಂಟ್ರಾಕ್ಟರ್ ಹೊರಬೇಕು, ಅದರ ಮೇಲೆ ಏರಿದರೆ ಬಿಲ್ ತೋರಿಸಿ ನೀವು ಕೊಡಬೇಕು. ಇಳಿದರೂ ಅದೇ ಲೆಕ್ಕ. ಈ ಸಾಲು ಇಲ್ಲದಿದ್ದರೆ ಅವರು ಭಯಕ್ಕೆ ಮೊದಲೇ ಜಾಸ್ತಿ ಸೇರಿಸಿ ಹೇಳುತ್ತಾರೆ. ನಿಮ್ಮ 12.5ರಲ್ಲಿ ಆ ಭಯದ ದುಡ್ಡೂ ಇರಬಹುದು.

ಕಂತು ಕೆಲಸ ನೋಡಿ ಕೊಡಿ. ಪಾಯಕ್ಕೆ, ಲಿಂಟಲ್‌ಗೆ, ಮೋಲ್ಡಿಗೆ, ಪ್ಲಾಸ್ಟರ್‌ಗೆ ಅಂತ ಬೇರೆ ಬೇರೆ. ಕೊನೆಯ ಶೇ 5 ಅಥವಾ 10 ಮೊದಲ ಜೋರು ಮಳೆ ಕಳೆಯುವವರೆಗೆ ಇರಲಿ.

ಮೇಸ್ತ್ರಿ ಮಗ, ಆಲೂರು

ಹಿಡಿದಿಡುವುದು ಕಾಂಟ್ರಾಕ್ಟರ್ ದುಡ್ಡಿನಲ್ಲಿ ಮಾತ್ರ ಸರ್. ವಾರದ ಬಟವಾಡೆ ಯಾವ ಕಾರಣಕ್ಕೂ ತಪ್ಪಬಾರದು. ಅದನ್ನೂ ಕಾಗದದಲ್ಲಿ ಬರೆಸಿ.

ಸೈಟ್ ಇಂಜಿನಿಯರ್, ಹಾಸನ

ಖಂಡಿತ. ಒಳ್ಳೆ ಮಾತು.

ಸಕಲೇಶಪುರದ ಹೆಂಚಿನ ಮನೆ

ನಮ್ಮದು ಹೆಂಚಿನ ಮನೆ, ಸೋರುತ್ತದೆ. ಎಲ್ಲರೂ ಹೆಂಚು ಇಳಿಸಿ ಮೋಲ್ಡ್ ಹಾಕಿಸಿ ಅನ್ನುತ್ತಿದ್ದಾರೆ. ಇಲ್ಲೇ ಕೇಳಬಹುದಾ?

ಮೂಡಿಗೆರೆ ತೋಟದವನು

ಮೊದಲು ಮರ ನೋಡಿಸಿ. ತೊಲೆ, ಪಕಾಸಿ ಹೊನ್ನೆಯದೋ ಮತ್ತಿಯದೋ ಆಗಿದ್ದು ಗೆದ್ದಲು ಹಿಡಿಯದೆ ಇದ್ದರೆ ದಯವಿಟ್ಟು ಇಳಿಸಬೇಡಿ. ಅಂಥ ಮರ ಇವತ್ತು ಕೊಳ್ಳುವುದು ನಮ್ಮಂಥವರ ಕೈಯಲ್ಲಿ ಆಗುವ ಮಾತಲ್ಲ. ಹೆಂಚು ಕೂರುವ ರೀಪು ಪಟ್ಟಿ ಹಾಳಾಗಿದ್ದರೆ ಬದಲಿಸಿ, ಒಡೆದ ಹೆಂಚು ತೆಗೆದು ಉಳಿದದ್ದನ್ನು ಮತ್ತೆ ಸರಿಯಾಗಿ ಕೂರಿಸಿ ಕೈಯಾಡಿಸಿದರೆ ಎಷ್ಟೋ ಸೋರಿಕೆ ನಿಲ್ಲುತ್ತದೆ. ಹಳೆ ಮಣ್ಣಿನ ಗೋಡೆಯ ಮೇಲೆ ಮೋಲ್ಡಿನ ಭಾರ ಹೊರಿಸುವುದೂ ಸರಿಯಲ್ಲ. ಹಳೆ ಮಂಗಳೂರು ಹೆಂಚು ಒಳ್ಳೆಯದಿದ್ದರೆ ಬಿಸಾಡಬೇಡಿ, ಅದೇ ಅಚ್ಚಿನ ಹೊಸದು ಸಿಗುವುದು ಕಷ್ಟ.

ಸಕಲೇಶಪುರದ ಹೆಂಚಿನ ಮನೆ

ಗೋಡೆ ಮಣ್ಣಿನದೇ ಅಣ್ಣಾ. ಹಾಗಾದರೆ ಮೋಲ್ಡಿನ ಆಲೋಚನೆ ಬಿಟ್ಟೆವು. ಮರ ನೋಡುವ ಬಡಗಿಯನ್ನು ಕರೆಸುತ್ತೇನೆ.

ಕಲ್ಯಾಣನಗರದವಳು, ಚಿಕ್ಕಮಗಳೂರು

ಎಲ್ಲರಿಗೂ ಉತ್ತರ ಕೊಡುತ್ತಿದ್ದೇನೆ. ಮನೆಯಲ್ಲಿ ಕೂತು ಮಾತಾಡಿದೆವು. ಅಡುಗೆಮನೆ ಗೋಡೆ ಈಗ ಬೇಡ. ಹಾಲ್‌ನ ಟೈಲ್ಸ್, ಹೊರಗಿನ ಪೇಂಟ್ ಕೂಡ ಬೇಡ. ರೂಮು, ಬಾತ್‌ರೂಮು ಎರಡೇ. ಅತ್ತೆ ಮಾತ್ರ "ನನಗೋಸ್ಕರ ನಿಮ್ಮ ಅಡುಗೆಮನೆ ಯಾಕೆ ಬಿಡ್ತೀರಿ" ಅಂತ ಬೇಜಾರು ಮಾಡಿಕೊಂಡರು. ಅಡುಗೆಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಅಂದೆ. ಹೊಸ ರೂಮಿಗೆ ಈಗಲೇ ಏನೇನು ಮಾಡಿಟ್ಟುಕೊಳ್ಳಬೇಕು ಹೇಳಿ.

ಸೈಟ್ ಇಂಜಿನಿಯರ್, ಹಾಸನ

ತುಂಬಾ ಒಳ್ಳೆ ತೀರ್ಮಾನ. ಆಮೇಲೆ ಒಡೆದು ಮಾಡಬೇಕಾದ್ದೆಲ್ಲ ಈಗಲೇ ಮಾಡಿ. ಆಮೇಲೆ ಸೇರಿಸಬಹುದಾದ್ದನ್ನು ಬಿಡಿ. ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ದುಬಾರಿ ಲೈಟು ಯಾವಾಗ ಬೇಕಾದರೂ ಬರುತ್ತದೆ. ಎಸಿ ಪಾಯಿಂಟಿನ ಪೈಪು, ಗೀಸರ್ ಲೈನು, ಹಾಸಿಗೆ ಪಕ್ಕದ ಸ್ವಿಚ್ಚು, ಕರೆಗಂಟೆಯ ವೈರು ಪ್ಲಾಸ್ಟರ್ ಒಳಗೇ ಹೋಗಬೇಕು. ಗೀಸರ್, ಪಂಪು ಸೇರಿದರೆ ಕರೆಂಟ್ ಕಂಪನಿ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಕಾ ನೋಡಿ. ನಿಗದಿತ ಶುಲ್ಕ ಆ ಕಿಲೋವ್ಯಾಟ್ ಲೆಕ್ಕದಲ್ಲೇ ಬರುವುದು, ಸುಮ್ನೆ ಜಾಸ್ತಿಯೂ ಕೇಳಬೇಡಿ.

ಬಾತ್‌ರೂಮ್ ಬಾಗಿಲು 3 ಅಡಿ ಅಗಲ ಇಡಿಸಿ, ಮುಂದೆ ವೀಲ್‌ಚೇರ್ ಬೇಕಾದರೂ ತೊಂದರೆ ಇಲ್ಲ. ಹೊಸ್ತಿಲು ಎತ್ತರ ಬೇಡ. ಕಮೋಡ್ ಪಕ್ಕ ಹಿಡಿದುಕೊಳ್ಳಲು ಸ್ಟೀಲ್ ರಾಡ್ ಬೇಕು, ಅದು ಬರುವ ಜಾಗದಲ್ಲಿ ಗೋಡೆ ಗಟ್ಟಿ ಬ್ಲಾಕಿನದೇ ಇರಲಿ. ಟೈಲ್ಸ್ ಜಾರದ ಥರದ್ದು, ಒಂದೇ ಬ್ಯಾಚ್ ನಂಬರಿನದು. ಆಮೇಲೆ ಒಂದು ಬಾಕ್ಸ್ ಬೇಕು ಅಂತ ಹೋದರೆ ಬಣ್ಣ ಕೂಡುವುದಿಲ್ಲ.

ಹೊಸ ಗೋಡೆಯನ್ನು ಹಳೆ ಗೋಡೆಗೆ ಕಚ್ಚಿಸಿ ಕಟ್ಟಲು ಬಿಡಬೇಡಿ. ಹಳೆ ಪಾಯ ಕೂತು ಗಟ್ಟಿಯಾಗಿದೆ, ಹೊಸದು ಇನ್ನೂ ಸ್ವಲ್ಪ ಕೂರುತ್ತದೆ. ಸೇರಿಸಿ ಕಟ್ಟಿದರೆ ಅಲ್ಲೇ ಬಿರುಕು. ನಡುವೆ ಸಣ್ಣ ಗ್ಯಾಪ್ ಬಿಟ್ಟು ಸೀಲೆಂಟ್ ತುಂಬಿಸಿ, ಮೇಲೆ ಎರಡು ಮೋಲ್ಡ್ ಕೂಡುವ ಜಾಗಕ್ಕೆ ನೀರು ಇಳಿಯದಂತೆ ಪಟ್ಟಿ ಮುಚ್ಚಿಸಿ. ಮಲೆನಾಡಿನ ಮಳೆಯಲ್ಲಿ ಮೊದಲು ಸೋರುವುದೇ ಆ ಜಾಗ.

ಬೇಲೂರು ರಸ್ತೆ ಹಾರ್ಡ್‌ವೇರ್

ಪ್ಲಾಸ್ಟರ್ ಪೂರ್ತಿ ಒಣಗದೆ ಪುಟ್ಟಿ ಹೊಡೆಸಬೇಡಿ. ಜೂನ್ ಒಳಗೆ ಒಣಗದಿದ್ದರೆ ಬರೀ ಪ್ರೈಮರ್ ಹೊಡೆಸಿ ಬಿಡಿ, ದೀಪಾವಳಿ ಕಳೆದು ಪೇಂಟ್ ಮಾಡಿಸಿ. ಒದ್ದೆ ಗೋಡೆಗೆ ಹೊಡೆದ ಪೇಂಟು ಹಪ್ಪಳದ ಹಾಗೆ ಏಳುತ್ತದೆ.

ಕಲ್ಯಾಣನಗರದವಳು, ಚಿಕ್ಕಮಗಳೂರು

ಬಾತ್‌ರೂಮ್ ನೆಲ ಸೋರದ ಹಾಗೆ ಆಗಿದೆ ಅಂತ ನಮಗೆ ಗೊತ್ತಾಗುವುದು ಹೇಗೆ ಸರ್? ಕಾಂಟ್ರಾಕ್ಟರ್ "ವಾಟರ್‌ಪ್ರೂಫಿಂಗ್ ಮಾಡ್ತೀವಿ" ಅಂತ ಬರೆದಿದ್ದಾರೆ, ಅಷ್ಟೇ.

ಸೈಟ್ ಇಂಜಿನಿಯರ್, ಹಾಸನ

ನೀರು ಕಟ್ಟಿ ನೋಡುವುದೊಂದೇ ದಾರಿ. ವಾಟರ್‌ಪ್ರೂಫಿಂಗ್ ಕೋಟ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ಔಟ್‌ಲೆಟ್ ಪೈಪಿಗೆ ಬಟ್ಟೆ ಬಿಗಿದು ನೆಲದ ತುಂಬ ನೀರು ನಿಲ್ಲಿಸಿ. 48 ಗಂಟೆ ಇರಲಿ. ಗೋಡೆಗೆ ಪೆನ್ಸಿಲ್‌ನಲ್ಲಿ ನೀರಿನ ಮಟ್ಟ ಗುರುತು ಮಾಡಿ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಸ್ವಲ್ಪ ಆರುವುದು ಸಹಜ. ಮಟ್ಟ ಬೇಗ ಇಳಿದರೆ ಅಥವಾ ಪಕ್ಕದ ಗೋಡೆಯ ಬುಡದಲ್ಲಿ, ಹೊರಗೆ ಪಾಯದ ಹತ್ತಿರ ತೇವ ಕಂಡರೆ ಟೈಲ್ಸ್‌ನವರನ್ನು ಕರೆಸಬೇಡಿ, ಕೋಟ್ ಮತ್ತೆ ಮಾಡಿಸಿ. ಈ ಪರೀಕ್ಷೆ ಆದ ಮೇಲೇ ಆ ಕಂತು ಅಂತ ಕಾಗದದಲ್ಲಿ ಸೇರಿಸಿ ಸಹಿ ಹಾಕಿಸಿಕೊಳ್ಳಿ.